ಬೈಬಲ್ ಓದುತ್ತೇನೆ, ಒಳಗೆ ಮಾತ್ರ ಇಳಿಯುತ್ತಿಲ್ಲ

ಪ್ರಶ್ನೆ: ನಾನು ವಿಶ್ವಾಸಕ್ಕೆ ಬಂದು ಬಹಳ ವರ್ಷ ಆಯಿತು. ಇತ್ತೀಚೆಗೆ ಬೈಬಲ್ ತೆರೆದರೆ ಬರೀ ಅಕ್ಷರ ಕಾಣುತ್ತದೆ. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ದಿನಾ ಬೆಳಿಗ್ಗೆ ಮೊಬೈಲಿಗೆ ವಾಗ್ದಾನದ ವಚನಗಳು ಬರುತ್ತವೆ, ಆಮೆನ್ ಅಂತ ಹಾಕಿ ಸುಮ್ಮನಾಗುತ್ತೇನೆ. ಸಭೆಯಲ್ಲಿ ಯಾರಾದರೂ ಹೇಗಿದ್ದೀರಿ ಅಂದರೆ ‘ದೇವರ ಕೃಪೆ, ಚೆನ್ನಾಗಿದ್ದೇನೆ’ ಅನ್ನುತ್ತೇನೆ. ನನ್ನ ನಂಬಿಕೆ ಸತ್ತೇ ಹೋಯಿತಾ?

ಉತ್ತರ: ಇಲ್ಲ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಇದ್ದಾನೆ, ನೋಡಿ. ನಂಬುತ್ತೇನೆ ಅನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತಲೂ ಕೂಗುತ್ತಾನೆ. ಅವನ ಹತ್ತಿರ ಇದ್ದದ್ದು ಅಷ್ಟೇ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ, ಮಗನನ್ನು ವಾಸಿಮಾಡಿ ಕೊಟ್ಟರು.

ನನಗನ್ನಿಸುವುದು, ನೀವು ಕಡಿಮೆ ಓದುತ್ತಿಲ್ಲ, ತುಂಡು ತುಂಡಾಗಿ ಓದುತ್ತಿದ್ದೀರಿ, ಅದೂ ಒಬ್ಬರೇ. ಬೈಬಲಿನಲ್ಲಿ ನಾವು ಈಗ ನೋಡುವ ವಚನದ ಅಂಕಿಗಳು ಪೂರ್ತಿಯಾಗಿ ಬಂದದ್ದು 1550ರ ದಶಕದಲ್ಲಿ. ಅದಕ್ಕೂ ಹಿಂದೆ, ಮೊದಲ ಶತಮಾನದಲ್ಲಿ, ಸಭೆಗಳಿಗೆ ಪತ್ರ ಬರೆಯುತ್ತಿದ್ದ ಅಪೊಸ್ತಲ ಪೌಲನ ಪತ್ರ ಬಂತೆಂದರೆ ಒಬ್ಬ ನಿಂತು ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೂತು ಕೇಳುತ್ತಿದ್ದರು. ಓದಿ ಆದಮೇಲೆ ಲವೊದಿಕೀಯದ ಸಭೆಯಲ್ಲೂ ಓದಿಸಿ ಅಂತ ಕೊಲೊಸ್ಸೆ ಊರಿನ ಸಭೆಯವರಿಗೆ ಪೌಲನೇ ಬರೆದಿದ್ದಾನೆ.

ತುಂಡು ಮಾಡಿದರೆ ಏನಾಗುತ್ತದೆ ಗೊತ್ತಾ? ಯೆರೆಮೀಯ 29:11 ನಿಮ್ಮ ಮೊಬೈಲಿಗೂ ಎಷ್ಟೋ ಸಲ ಬಂದಿರುತ್ತದೆ, ದೇವರ ಯೋಜನೆ ನಿಮ್ಮ ಹಿತಕ್ಕೇ ಅನ್ನುವ ವಚನ. ಅದರ ಹಿಂದಿನ ವಚನದಲ್ಲೇ 70 ವರ್ಷ ತುಂಬಿದ ಮೇಲೆ ಅಂತ ಇದೆ, ಅದನ್ನು ಮಾತ್ರ ಯಾರೂ ಕಳಿಸುವುದಿಲ್ಲ! ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಬೇಗ ಬಿಡುಗಡೆ ಅನ್ನುವ ಪ್ರವಾದಿಗಳ ಮಾತು ಕೇಳಬೇಡಿ ಅಂತ ಹೇಳಿದ ಮೇಲೆ ಆ ವಾಗ್ದಾನ ಬರುತ್ತದೆ. ಪೂರ್ತಿ ಓದಿದಾಗ, ಕಾಯುತ್ತಾ ಸುಸ್ತಾದವರಿಗೂ ಅದರಲ್ಲಿ ಜಾಗ ಇದೆ ಅಂತ ಗೊತ್ತಾಗುತ್ತದೆ.

ಹಾಗಾಗಿ ಸ್ವಲ್ಪ ದಿನ ವಚನದ ಮೆಸೇಜುಗಳನ್ನು ಬಿಡಿ. ಒಂದೇ ಪುಸ್ತಕ ಹಿಡಿಯಿರಿ. ಮಾರ್ಕ ಆಗಬಹುದು, 16 ಅಧ್ಯಾಯ ಅಷ್ಟೇ. ಬಾಯಿಬಿಟ್ಟು ಓದಿ. ಪ್ರಾರ್ಥನೆಗೆ ಮಾತು ಬಾರದಿದ್ದರೆ 13ನೇ ಕೀರ್ತನೆಯನ್ನೇ ಪ್ರಾರ್ಥನೆ ಮಾಡಿಕೊಳ್ಳಿ. ಎಷ್ಟರವರೆಗೆ, ಎಷ್ಟರವರೆಗೆ ಅಂತ ದಾವೀದ ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಕೇಳುತ್ತಾನೆ. ದೇವರ ಹತ್ತಿರ ಹಾಗೆ ಕೇಳಬಹುದು ಅಂತ ಬೈಬಲೇ ಹೇಳಿಕೊಡುತ್ತಿದೆ, ಅಲ್ವಾ?

ಇನ್ನು ‘ಚೆನ್ನಾಗಿದ್ದೇನೆ’ ಅನ್ನುವ ವಿಷಯ. ನನಗೆ ಜಾಸ್ತಿ ಚಿಂತೆ ಆಗಿದ್ದು ಇದನ್ನು ಓದಿಯೇ. ಯೋಹಾನ 20ರಲ್ಲಿ, ಸತ್ತ ಯೇಸು ಎದ್ದು ಬಂದಿದ್ದಾರೆ ಅಂತ ಉಳಿದವರು ಹೇಳಿದಾಗ ಶಿಷ್ಯ ತೋಮ ನೇರವಾಗಿ ನಾನು ನಂಬುವುದೇ ಇಲ್ಲ ಅಂದುಬಿಟ್ಟ. ಎಂಟು ದಿನ ಕಳೆದ ಮೇಲೆ ನೋಡಿದರೆ ಅವನು ಉಳಿದ ಶಿಷ್ಯರ ಜೊತೆಯಲ್ಲೇ ಇದ್ದಾನೆ. ಅವರೂ ಓಡಿಸಲಿಲ್ಲ, ಇವನೂ ಬಿಟ್ಟು ಹೋಗಲಿಲ್ಲ. (ನಮ್ಮ ಕೆಲವು ಸಭೆಗಳಲ್ಲಿ ಆಗಿದ್ದರೆ ಅಷ್ಟರಲ್ಲಿ ಅವನ ಹೆಸರು ಪ್ರಾರ್ಥನಾ ವಿಷಯವಾಗಿ ಎಲ್ಲರ ಬಾಯಲ್ಲೂ ಇರುತ್ತಿತ್ತು.) ಯೇಸು ಅವನಿಗೆ ಸಿಕ್ಕಿದ್ದು ಆ ಕೋಣೆಯಲ್ಲೇ.

ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ. ಬೋಧನೆ ಚೆನ್ನಾಗಿ ಮಾಡುವವರೇ ಬೇಕು ಅಂತಿಲ್ಲ, ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು ಬೇಕು. ಯೆರೂಸಲೇಮಿನಲ್ಲಿ ಎಲ್ಲರೂ ಸೌಲನಿಗೆ (ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಪೌಲನೇ ಇವನು) ಹೆದರಿ ದೂರ ನಿಂತಾಗ ಅವನನ್ನು ಕರೆದುಕೊಂಡು ಅಪೊಸ್ತಲರ ಮುಂದೆ ನಿಲ್ಲಿಸಿದ್ದು ಬಾರ್ನಬ ಒಬ್ಬನೇ. ಅಂಥವರು ಪ್ರತಿ ಸಭೆಯಲ್ಲೂ ಇರುತ್ತಾರೆ, ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ. ಅವರಿಗೆ ‘ನಾನು ಚೆನ್ನಾಗಿಲ್ಲ’ ಅಂತ ಹೇಳಿ. ವಾರಕ್ಕೊಮ್ಮೆ ಇಬ್ಬರೂ ಕೂತು ಒಂದು ಅಧ್ಯಾಯ ಓದಿ. ನಿಮಗೆ ಪ್ರಾರ್ಥನೆ ಬಾರದ ದಿನ ಅವರು ಮಾಡಲಿ, ನೀವು ಆಮೆನ್ ಅನ್ನಿ. ಆ ಆಮೆನ್‌ಗೆ ಮೊಬೈಲಿನ ಆಮೆನ್‌ಗಿಂತ ಹೆಚ್ಚು ತೂಕ ಇದೆ.

ಒಂದು ಮಾತು. ನಿದ್ದೆ, ಊಟ ಎರಡೂ ಕೆಟ್ಟು ವಾರಗಟ್ಟಲೆ ಬೇಸರ ಹೋಗದಿದ್ದರೆ ಡಾಕ್ಟರನ್ನೂ ನೋಡಿ. ಸಾಯಬೇಕು ಅನ್ನಿಸಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ ಮತ್ತು ನೀರು. ಉಪದೇಶ ಅಲ್ಲ.

ಪ್ರಶ್ನೆ: ಸಭೆಯ ಗೆಳತಿಯೊಬ್ಬಳು ಮಗುವನ್ನು ಕಳೆದುಕೊಂಡಿದ್ದಾಳೆ. ಅವಳಿಗೆ ಯಾವ ವಚನ ಕಳಿಸಲಿ?

ಉತ್ತರ: ಈಗಲೇ ಯಾವುದೂ ಬೇಡ, ನೀವೇ ಹೋಗಿ. ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಬಾಯಿ ತೆರೆದಮೇಲೆ ಎಲ್ಲ ಹಾಳಾಯಿತು. ರೋಮಾಪುರದವರಿಗೆ 8:28, ಅಂದರೆ ಎಲ್ಲವೂ ಸೇರಿ ಒಳ್ಳೆಯದಕ್ಕೇ ಆಗುತ್ತದೆ ಅನ್ನುವ ವಚನ ನಿಜವೇ. ಆದರೆ ಅದನ್ನು ಹೊಸ ದುಃಖದ ಮೇಲೆ ಹೇರಬೇಡಿ. ಅದೇ ಪತ್ರದ 12ನೇ ಅಧ್ಯಾಯ ಅಳುವವರ ಸಂಗಡ ಅಳಿರಿ ಅನ್ನುತ್ತದೆ. ಮುಂದೆ ಅವಳೇ ಏನಾದರೂ ಓದು ಅಂದರೆ 88ನೇ ಕೀರ್ತನೆ ಓದಿ. ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು, ಆದರೂ ಬೈಬಲಿನಲ್ಲಿದೆ.

ಪ್ರಶ್ನೆ: ಅನಾರೋಗ್ಯದಿಂದ ಸಭೆಗೆ ಹೋಗಲು ಆಗುತ್ತಿಲ್ಲ. ಆನ್‌ಲೈನ್ ಆರಾಧನೆ ನೋಡಿದರೆ ಸಾಕಾ?

ಉತ್ತರ: ನೋಡಿ, ತಪ್ಪೇನಿಲ್ಲ. ಪ್ರಸಂಗ ಕಿವಿಗೆ ಬೀಳುತ್ತದೆ, ಆದರೆ ಪರದೆಗೆ ನಿಮ್ಮ ಮುಖ ಸಪ್ಪಗಿರುವುದು ಕಾಣುವುದಿಲ್ಲ. ಪೌಲ ಸೆರೆಮನೆಯಿಂದ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದಾಗ ಪುಸ್ತಕಗಳನ್ನು ತೆಗೆದುಕೊಂಡು ಬಾ ಅಂದ, ನಿಲುವಂಗಿ ತಾ ಅಂದ. ಎಲ್ಲಕ್ಕಿಂತ ಮೊದಲು, ನೀನು ಬೇಗ ಬಾ ಅಂದ. ಪೌಲನೇ ಹಾಗೆ ಬಾಯಿಬಿಟ್ಟು ಕರೆದಮೇಲೆ ನಿಮಗೇನು ಸಂಕೋಚ? ಪಾಸ್ಟರಿಗೆ ಫೋನ್ ಮಾಡಿ, ಇಬ್ಬರು ಮೂವರು ಮನೆಗೆ ಬಂದು ಓದಿ ಪ್ರಾರ್ಥಿಸಲಿ ಅಂತ ಕೇಳಿ. ನೀವೂ ಸುಮ್ನೆ ಮಲಗಿರಬೇಡಿ. ನಿಮ್ಮ ಹಾಗೆ ಮನೆಯಲ್ಲೇ ಇರುವ ಇನ್ನೊಬ್ಬರು ಸಭೆಯಲ್ಲಿ ಖಂಡಿತ ಇರುತ್ತಾರೆ, ಅವರ ನಂಬರ್ ಇಸಿದುಕೊಂಡು ಇವತ್ತೇ ಮಾತಾಡಿ.