ತಬಲಾದ ‘ನಾ’ ಎಲ್ಲಿ ಹೋಯಿತು?

ಪ್ರಶ್ನೆ: ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ತಬಲಾ ತಮ್ಮನದು. ಪಲ್ಲವಿ ಮೆಲ್ಲಗಿರುತ್ತದೆ, ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋದರೆ ದನಿ ಒಡೆಯುತ್ತದೆ. ಕಂಪ್ಯೂಟರಿನಲ್ಲಿ ಕಂಪ್ರೆಸರ್ (ಜೋರು ದನಿಯನ್ನು ತಾನಾಗೇ ತಗ್ಗಿಸುವ ಸಾಧನ) ಹಾಕಿ ನೋಡಿದೆ. ಒಡಕು ಹಾಗೇ ಇದೆ, ಉಸಿರು ಜಾಸ್ತಿ ಕೇಳುತ್ತದೆ, ತಬಲಾ ಸಪ್ಪೆಯಾಗಿದೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಆ ಒಡಕು ಕಂಪ್ರೆಸರಿನಿಂದ ಹೋಗುವುದಿಲ್ಲ. ದನಿ ಕಂಪ್ಯೂಟರಿಗೆ ಬರುವ ಮೊದಲೇ, ಮೈಕನ್ನು ಅದಕ್ಕೆ ಜೋಡಿಸುವ ಇಂಟರ್‌ಫೇಸಿನಲ್ಲೇ ಒಡೆದಿರುತ್ತದೆ. ಆ ಷಡ್ಜವನ್ನೇ ಪೂರ್ತಿ ದನಿಯಲ್ಲಿ ಹಾಡಿ, ಮೀಟರ್ −10 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಇಂಟರ್‌ಫೇಸಿನ ಗೇನ್ (ಮೈಕಿನ ದನಿ ಎತ್ತುವ ಗುಂಡಿ) ಇಳಿಸಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಪಲ್ಲವಿ ಸಣ್ಣಗೆ ಬಂದರೂ ಚಿಂತೆ ಇಲ್ಲ, ಆಮೇಲೆ ಎತ್ತಿಕೊಳ್ಳಬಹುದು.

ದನಿಗೆ ರೇಶಿಯೋ 3:1 ಸಾಕು. ಥ್ರೆಶೋಲ್ಡ್ (ಕಂಪ್ರೆಸರ್ ತಗ್ಗಿಸಲು ಶುರು ಮಾಡುವ ಮಟ್ಟ) ದಾಟಿ 6 ಡೆಸಿಬೆಲ್ ಮೇಲೇರಿದ ಸ್ವರ ಆಗ 2 ಡೆಸಿಬೆಲ್ ಮಾತ್ರ ಮೇಲೆ ಉಳಿಯುತ್ತದೆ. ಥ್ರೆಶೋಲ್ಡಿಗೆ ಒಂದೇ ಅಂಕಿ ಅಂತ ಇಲ್ಲ. ಪಲ್ಲವಿಯಲ್ಲಿ, ಎಷ್ಟು ತಗ್ಗಿಸುತ್ತಿದೆ ಎಂದು ತೋರಿಸುವ ಗೇನ್ ರಿಡಕ್ಷನ್ ಮೀಟರ್ ಅಲ್ಲಾಡಬಾರದು, ಚರಣದಲ್ಲಿ 4–5 ಡೆಸಿಬೆಲ್ ತೋರಿಸಬೇಕು. ಅಷ್ಟು ಬರುವವರೆಗೆ ಥ್ರೆಶೋಲ್ಡ್ ಇಳಿಸುತ್ತಾ ಬನ್ನಿ. ಅಟ್ಯಾಕ್ (ಅದುಮಲು ಹಿಡಿಯುವ ಸಮಯ) 10 ಮಿಲಿಸೆಕೆಂಡ್, ರಿಲೀಸ್ (ಮತ್ತೆ ಬಿಡಲು ಹಿಡಿಯುವ ಸಮಯ) 100 ಇಟ್ಟು ಶುರು ಮಾಡಿ. ಉಸಿರು ಏಳುವುದು, ತಗ್ಗಿದ್ದನ್ನು ಮತ್ತೆ ಎತ್ತುವ ಮೇಕಪ್ ಗೇನ್‌ನಿಂದ. ದನಿಯ ಜೊತೆ ಉಸಿರು, ಫ್ಯಾನು, ಬೀದಿಯ ಸ್ಕೂಟರು ಎಲ್ಲವನ್ನೂ ಅದು ಎತ್ತುತ್ತದೆ. ಫ್ಯಾನ್ ಆರಿಸಿ ಹಾಡಿ. ಉಸಿರನ್ನು ಒಂದೊಂದಾಗಿ ಕೈಯಿಂದಲೇ ತಗ್ಗಿಸಿ. ಪೂರ್ತಿ ಅಳಿಸಬೇಡಿ, ಹಾಡುವವರು ಅಲ್ಲೇ ಇದ್ದಾರೆ ಅನ್ನಿಸುವುದು ಅದರಿಂದಲೇ ಅಲ್ವಾ?

ತಬಲಾದ ವಿಷಯ ಬೇರೆ. ‘ನಾ’ ನುಡಿಸಲು ತೋರುಬೆರಳು ಅಂಚಿಗೆ ಬಿದ್ದಾಗ ಮೊದಲು ಒಂದು ‘ಟಕ್’, ಅದರ ಬೆನ್ನಿಗೆ ಶ್ರುತಿಯ ಗುಂಗು. ಆ ‘ಟಕ್’ ಮುಗಿಯಲು ಕೆಲವೇ ಮಿಲಿಸೆಕೆಂಡ್ ಬೇಕು. ನಿಮ್ಮ ಕಂಪ್ರೆಸರಿನ ಅಟ್ಯಾಕ್ 1ರಲ್ಲೋ 2ರಲ್ಲೋ ಇರಬೇಕು, ಬೆರಳು ಬಿದ್ದ ಕೂಡಲೇ ಅದನ್ನು ಅದುಮಿಬಿಡುತ್ತದೆ. ಗುಂಗು ಉಳಿಯುತ್ತದೆ, ‘ನಾ’ ಹೋಗುತ್ತದೆ. ಶುರುವಿನ ದಿನಗಳಲ್ಲಿ ನಾನು ರೆಕಾರ್ಡ್ ಆಗುವಾಗಲೇ ಹೀಗೆ ಅದುಮಿ, ಒಂದು ಇಡೀ ಮಧ್ಯಾಹ್ನ ನುಡಿಸಿದ ತಬಲಾ ಹಾಳು ಮಾಡಿದ್ದೆ. ಹಾಗೆ ಅಚ್ಚಾಗಿ ಹೋದದ್ದನ್ನು ಬಿಡಿಸಲು ಆಗಲಿಲ್ಲ. ಅಂದಿನಿಂದ ತಬಲಾವನ್ನು ಸುಮ್ನೆ ಇದ್ದ ಹಾಗೇ ತೆಗೆದುಕೊಳ್ಳುತ್ತೇನೆ, ಕಂಪ್ರೆಸರ್ ಏನಿದ್ದರೂ ಆಮೇಲೆ.

ತಮ್ಮನ ಒಂದು ‘ನಾ’ವನ್ನೇ ಮತ್ತೆ ಮತ್ತೆ ಕೇಳುತ್ತಾ ಅಟ್ಯಾಕ್ ಏರಿಸಿ. 20–30ರ ನಡುವೆ ಎಲ್ಲೋ ಬೆರಳು ಮತ್ತೆ ಕೇಳಿಸುತ್ತದೆ. ಡಗ್ಗಾಕ್ಕೆ (ಜೋಡಿಯ ದೊಡ್ಡ, ಮಂದ್ರ ದನಿಯ ವಾದ್ಯಕ್ಕೆ) ಬೇರೆ ಮೈಕ್ ಇಟ್ಟಿದ್ದರೆ ಅದರ ರಿಲೀಸನ್ನು 150ಕ್ಕಿಂತ ಕೆಳಗೆ ತರಬೇಡಿ. ತೀರಾ ಬೇಗ ಬಿಟ್ಟರೆ ಅದರ ‘ಗೇ’ ಪೆಟ್ಟಿನ ಮೀಂಡ್ (ಜಾರುವ ಸ್ವರ) ಗರಗರ ಅನ್ನುತ್ತದೆ.