ಓದುಗರ ಪ್ರಶ್ನೆ: ಪಲಮೋಸ್ ಬಂದರಿನಲ್ಲಿ ಏನು ನೋಡಬೇಕು?

ಪ್ರಶ್ನೆ: ನಮ್ಮದು ಮಲ್ಪೆಯ ಮೀನುಗಾರ ಕುಟುಂಬ. ಮಗಳು ಬಾರ್ಸಿಲೋನಾದಲ್ಲಿ ಓದುತ್ತಿದ್ದಾಳೆ. ಜುಲೈ ಮೊದಲ ವಾರ ನಾವು ದಂಪತಿ ಅಲ್ಲಿಗೆ ಹೊರಟಿದ್ದೇವೆ. ಕತಲಾನ್ ಕರಾವಳಿಯಲ್ಲಿ ಮೀನುಗಾರರ ಊರೊಂದನ್ನು ನೋಡುವ ಆಸೆ. ಅಲ್ಲೀಗ ಉಳಿದಿರುವುದೆಲ್ಲ ಪ್ರವಾಸಿಗರಿಗಾಗಿ ನಡೆಸುವ ಪ್ರದರ್ಶನ ಎಂದು ಕೆಲವರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ನೀವು ಅದೇ ಕರಾವಳಿಯ ಮೀನುಗಾರಿಕೆ ಬಂದರು ಪಲಮೋಸ್‌ಗೆ ಹೋಗಿ. ಅದೂ ವಾರದ ಕೆಲಸದ ದಿನ ಹೋಗಿ, ಮಧ್ಯಾಹ್ನದ ಊಟ ಮುಗಿಸಿ ನೇರವಾಗಿ ಬಂದರಿಗೆ ನಡೆಯಿರಿ. ಬೆಳಗಿನ ಜಾವ ಹೊರಟ ಟ್ರಾಲ್ ದೋಣಿಗಳು ಸಂಜೆಯ ಹೊತ್ತಿಗೆ ಮರಳುತ್ತವೆ. ಮೀನಿನ ಪೆಟ್ಟಿಗೆಗಳು ಹರಾಜುಕಟ್ಟೆಗೆ ಬರುತ್ತವೆ. ಅಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ. ಯಾರು ಮೊದಲು ಗುಂಡಿ ಒತ್ತಿ ನಿಲ್ಲಿಸುತ್ತಾರೋ ಮಾಲು ಅವರದು. ಬೆಲೆ ಇನ್ನಷ್ಟು ಇಳಿಯಲೆಂದು ಕಾದವನ ಕೈಗೆ ಏನೂ ಸಿಗದು. ಹರಾಜಿನ ಗದ್ದಲದಲ್ಲೇ ಬೆಳೆದ ನಿಮಗೆ ಆ ಸಭಾಂಗಣದ ಮೌನ ವಿಚಿತ್ರವೆನಿಸೀತು, ಆದರೆ ಖರೀದಿದಾರರ ಮುಖದಲ್ಲಿರುವ ತವಕ ನಿಮಗೆ ಚೆನ್ನಾಗಿ ಗೊತ್ತಿರುವುದೇ.

ಆ ಊರಿನ ಹೆಸರು ನಿಂತಿರುವುದು ಕೆಂಪು ಸಿಗಡಿಯ ಮೇಲೆ. ಬೇಯಿಸುವ ಮೊದಲೇ ಅದು ಕೆಂಪಗಿರುತ್ತದೆ. ಊರಿನೆದುರು ಕಡಲಿನಡಿಯಲ್ಲಿ ಆಳವಾದ ಕಣಿವೆಯಿದೆ. ನೂರಾರು ಮೀಟರ್ ಕೆಳಗೆ ಬಲೆಯಿಳಿಸಿ ಅಲ್ಲಿಂದ ಎತ್ತುತ್ತಾರೆ. ಬಲೆಗೆ ಸಿಗುವ ಸಿಗಡಿ ಕಡಿಮೆಯಾಗುವ ಭಯದಿಂದ ಮೀನುಗಾರರೇ ವಿಜ್ಞಾನಿಗಳೊಡನೆ ಕುಳಿತು ನಿಯಮ ಮಾಡಿಕೊಂಡರು. 2013ರಲ್ಲಿ ಅದಕ್ಕೆ ಸರ್ಕಾರದ ಮುದ್ರೆ ಬಿತ್ತು: ಚಳಿಗಾಲದಲ್ಲಿ ಎರಡು ತಿಂಗಳು ಸಿಗಡಿ ಬೇಟೆಗೆ ರಜೆ, ಮರಿಗಳು ತಪ್ಪಿಸಿಕೊಳ್ಳುವಂತೆ ಬಲೆಯ ಕಣ್ಣೂ ಬದಲು. ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಜೂನ್ 1ರಿಂದ ಜುಲೈ 31ರವರೆಗೆ ದೋಣಿ ಕಟ್ಟಿ ಕೂರುವ ನಿಮಗೆ ಇದರ ಕಷ್ಟವನ್ನೂ ಬೆಲೆಯನ್ನೂ ನಾನು ಹೇಳಬೇಕಿಲ್ಲ. ನನ್ನ ಮಟ್ಟಿಗೆ ಪಲಮೋಸ್‌ನ ಅತಿ ದೊಡ್ಡ ಸಂಪ್ರದಾಯ ಇದೇ, ಇದಕ್ಕೆ ವೇಷಭೂಷಣ ಇಲ್ಲದಿದ್ದರೂ.

ಬಂದರಿನಲ್ಲೇ ಮೀನುಗಾರಿಕೆಯ ವಸ್ತುಸಂಗ್ರಹಾಲಯವಿದೆ. ಅದರವರೇ ಹರಾಜುಕಟ್ಟೆಯ ಬಳಿ ಅಡುಗೆಯ ತರಗತಿಗಳನ್ನೂ ನಡೆಸುತ್ತಾರೆ. ಮಾರುಕಟ್ಟೆಯಲ್ಲಿ ಯಾರೂ ಕೇಳದ ಅಗ್ಗದ ಮೀನುಗಳನ್ನು ರುಚಿಯಾಗಿ ಮಾಡುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಪ್ರವಾಸಿಗರ ಹಣ ಇಂಥದಕ್ಕೆ ಹೋಗುವುದಾದರೆ ಅದನ್ನು ದೂರಲು ನನ್ನ ಬಾಯಿ ಬರುವುದಿಲ್ಲ.

ಇನ್ನು ನಿಮ್ಮ ‘ಪ್ರದರ್ಶನ’ದ ಮಾತು. ಪಲಮೋಸ್‌ನ ಉತ್ತರಕ್ಕಿರುವ ಕಲೆಯಾ ದೆ ಪಲಫ್ರುಜೆಲ್ ಎಂಬ ಪುಟ್ಟ ಊರಿನ ದಡದಲ್ಲಿ ಜುಲೈ ಮೊದಲ ಶನಿವಾರ ರಾತ್ರಿ ಹವನೇರಾ ಹಾಡುಗಾರಿಕೆ ನಡೆಯುತ್ತದೆ. ನಿಮ್ಮ ದಿನಕ್ಕೆ ಹೊಂದುತ್ತದೆ. ಇದು 1960ರ ದಶಕದಲ್ಲಿ ಶುರುವಾದದ್ದು, ಕುರ್ಚಿಗೆ ಟಿಕೆಟ್ ಇದೆ, ಜನ ಕಿಕ್ಕಿರಿಯುತ್ತಾರೆ. ಹಾಗೆಂದು ಅದು ಸುಳ್ಳಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯೂಬಾಕ್ಕೆ ಹೋಗಿ ಬಂದ ನಾವಿಕರ ಜೊತೆ ಬಂದ ಲಯ ಅದು. ಹೆಂಡದಂಗಡಿಗಳಲ್ಲಿ ಮೀನುಗಾರರು ಹಾಡಿಕೊಂಡು ಉಳಿಸಿದ್ದು. ವೇದಿಕೆ ಹೊಸದು, ಹಾಡು ಹಳೆಯದು. ರಮ್‌ಗೆ ಸಕ್ಕರೆ, ದಾಲ್ಚಿನ್ನಿ, ನಿಂಬೆ ಸಿಪ್ಪೆ, ಕಾಫಿ ಬೀಜ ಹಾಕಿ ಬೆಂಕಿ ಹಚ್ಚಿ ಮಾಡುವ ‘ಕ್ರೆಮಾತ್’ ಅದರ ಜೊತೆಗಾರ. ಟಿಕೆಟ್ ಸಿಗದಿದ್ದರೆ ಕೊರಗಬೇಡಿ, ಬೇಸಿಗೆಯುದ್ದಕ್ಕೂ ಊರಹಬ್ಬಗಳಲ್ಲಿ ಇದೇ ಹಾಡುಗಳಿರುತ್ತವೆ. ಜುಲೈ 16ರವರೆಗೆ ಇದ್ದರೆ ಕಾರ್ಮೆನ್ ಮಾತೆಯ ಹಬ್ಬವನ್ನೂ ನೋಡಿ. ಹಲವು ಬಂದರುಗಳಲ್ಲಿ ಅಂದು ನಾವಿಕರ ರಕ್ಷಕಿಯ ಮೂರ್ತಿಯನ್ನು ದೋಣಿಯಲ್ಲಿ ಕಡಲಿಗೆ ಕರೆದೊಯ್ಯುತ್ತಾರೆ.

ಪಲಮೋಸ್‌ಗೆ ರೈಲಿಲ್ಲ; ಬಾರ್ಸಿಲೋನಾದ ಉತ್ತರ ಬಸ್ ನಿಲ್ದಾಣದಿಂದ ಬಸ್ ಹಿಡಿಯಿರಿ. ಊಟಕ್ಕೆ ‘ಸುಕೆತ್’ ಕೇಳಿ. ಆಲೂಗಡ್ಡೆಯ ಜೊತೆ ಮೀನು ಬೇಯಿಸಿ, ಬಾದಾಮಿ, ಬೆಳ್ಳುಳ್ಳಿ ಅರೆದು ಹಾಕುವ ಸಾರು ಅದು. ಹಿಂದೆ ದೋಣಿಯ ಮೇಲೆ, ಮಾರಾಟವಾಗದ ಮೀನಿನಿಂದ ಮಾಡುತ್ತಿದ್ದರು. ನಿಮ್ಮ ಮನೆಯವರಿಗೆ ಅದರಲ್ಲಿ ಖಾರ ಸಾಲದೆನಿಸೀತು, ಬ್ಯಾಗಿನಲ್ಲಿ ಸ್ವಲ್ಪ ಮೆಣಸಿನಪುಡಿ ಇರಲಿ.