ಇಪ್ಪತ್ನಾಲ್ಕು ಮಕ್ಕಳು ಒಂಬತ್ತಾದ ಮೇಲೆ

ಪ್ರಶ್ನೆ: ಟೀಚರ್, ವಂದನೆಗಳು. ನನಗೆ 31 ವರ್ಷ, ಬ್ಯಾಂಕ್ ನೌಕರಿ. ಜೂನ್‌ನಲ್ಲಿ ನಮ್ಮ ಚರ್ಚ್ ಸಭೆಯ ಅಯ್ಯನವರು (ಪಾಸ್ಟರ್) ಯುವಜನ ಸಂಘವನ್ನು ನನಗೆ ವಹಿಸಿದರು. ಆಗ 24 ಮಕ್ಕಳು ಬರುತ್ತಿದ್ದರು, ಈಗ ಒಂಬತ್ತು. ಸ್ವಂತ ದುಡ್ಡಿನಲ್ಲಿ ಗಿಟಾರ್ ತಂದೆ, ಪ್ರೊಜೆಕ್ಟರ್ ಹಾಕಿದೆ, ಆಟ ಆಡಿಸಿದೆ. ಅವರು ಮೊಬೈಲ್ ಉಜ್ಜುತ್ತ ಕೂತಿರುತ್ತಾರೆ. ಮೂರು ವಾರದ ಹಿಂದೆ ಫಸ್ಟ್ ಪಿಯುಸಿ ಹುಡುಗಿಯೊಬ್ಬಳು ಎಲ್ಲರೂ ಹೋಗುವ ತನಕ ನಿಂತು, "ಅಜ್ಜಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದೆ, ಹೋಗೇಬಿಟ್ಟಳು. ಈಗ ಪ್ರಾರ್ಥನೆ ಬಾಯಿಗೇ ಬರಲ್ಲ. ಮನೇಲಿ ಹೇಳಬೇಡಿ" ಅಂದಳು. ಹೇಳಲ್ಲ ಎಂದು ಮಾತು ಕೊಟ್ಟೆ. ರಾತ್ರಿ ಅವಳಿಗೆ ಸತ್ಯವೇದದ (ಬೈಬಲಿನ) ಒಂದು ವಚನ, ರೋಮಾಪುರದವರಿಗೆ ಬರೆದ ಪತ್ರದ 8:28, ವಾಟ್ಸ್‌ಆ್ಯಪ್ ಮಾಡಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆಮೇಲೆ ಅವಳೂ ಬಂದಿಲ್ಲ. ಎಲ್ಲಿ ತಪ್ಪಿದೆ?
– ಓದುಗರು, ಹುಬ್ಬಳ್ಳಿ

ಉತ್ತರ: ತಮ್ಮಾ, ಗಿಟಾರಿನ ವಿಷಯ ಕೊನೆಗೆ ನೋಡೋಣ. ಮೊದಲು ಆ ಹುಡುಗಿ.

ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಕೂಡಿಬರುತ್ತದೆ ಅನ್ನುವ ವಚನ ಅದು. ವಚನದಲ್ಲಿ ದೋಷವಿಲ್ಲ. ಆದರೆ ಅಜ್ಜಿಯನ್ನು ಮಣ್ಣು ಮಾಡಿ ಬಂದ ಹದಿನಾರರ ಹುಡುಗಿಗೆ ಅದು "ಸಾಕು, ಇನ್ನು ಅಳಬೇಡ" ಎಂದಂತೆಯೇ ಕೇಳಿಸುತ್ತದೆ. ಸತ್ಯವೇದದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಎಲ್ಲ ಸರಿಯಿತ್ತು, ಬಾಯಿ ತೆರೆದದ್ದೇ ಕೆಟ್ಟಿತು. ನೀವು ಏಳು ತಾಸೂ ತಾಳಲಿಲ್ಲ.

ಬೈಯುತ್ತಿಲ್ಲ, ನಾನೂ ಅದೇ ಗರಡಿಯವಳು. ಧಾರವಾಡದಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತ, 22 ವರ್ಷ ಸಭೆಯ ಹುಡುಗರನ್ನು ನೋಡಿಕೊಂಡೆ. ಪ್ರಶ್ನೆ ಬಂದರೆ ಉತ್ತರ ಬರೆಯಲೇಬೇಕು ಅನ್ನುವ ಚಟ ಬಿಡಲೇ ಇಲ್ಲ. ಒಮ್ಮೆ ಸುಗ್ಗಿ ಹಬ್ಬದ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದಾಗ ಒಂಬತ್ತನೆಯ ತರಗತಿಯ ಒಬ್ಬ, ಕೈಯಲ್ಲಿ ಸಾರಿನ ಬೋಗುಣಿ ಹಿಡಿದುಕೊಂಡೇ, "ಅಕ್ಕೋರ, ನಮ್ಮಪ್ಪ ರಾತ್ರಿ ಕುಡದು ಬರ್ತಾನ, ಮುಂಜಾನೆ ಗುಡಿಯೊಳಗ ನಿಂತು ಸತ್ಯವೇದ ಓದ್ತಾನ. ಅದ್ಹೆಂಗ?" ಎಂದ. ಪಾಪ ಮತ್ತು ಕ್ಷಮೆಯ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ. ಅವನು ಬೋಗುಣಿ ಒರೆಸಿ ಕೆಳಗಿಟ್ಟು, "ನೀವು ಕೇಳೂದ್ರೊಳಗನ ನಿಮ್ಮ ಕಡೆ ಉತ್ತರ ತಯಾರ್ ಇರ್ತೈತಿ ಬಿಡ್ರಿ" ಅಂದ. ಮನೆಯಲ್ಲಿ ರಾತ್ರಿ ಏನು ನಡೆಯುತ್ತದೆ, ತಾಯಿಗೆ ಪೆಟ್ಟು ಬೀಳುತ್ತದೆಯೇ, ಅವನು ಉಂಡು ಮಲಗುತ್ತಾನೆಯೇ, ಒಂದನ್ನೂ ಕೇಳಿರಲಿಲ್ಲ ನಾನು.

ಅವನು ಆ ಮಾತು ತೆಗೆದದ್ದು ಬೈಬಲ್ ಸ್ಟಡಿಯಲ್ಲಿ ಅಲ್ಲ, ಪಾತ್ರೆ ತೊಳೆಯುವ ಕಡೆ. ಈ ವಯಸ್ಸಿನವರನ್ನು ಎದುರು ಕುರ್ಚಿಯಲ್ಲಿ ಕೂರಿಸಿ "ನಿನ್ನ ಸಮಸ್ಯೆ ಏನು?" ಎಂದರೆ ಹಲ್ಲುಕಚ್ಚಿ ಕೂರುತ್ತಾರೆ. ಕೈಗೆ ಕೆಲಸ ಕೊಟ್ಟು ಪಕ್ಕದಲ್ಲಿದ್ದರೆ ತಾವಾಗಿ ಬಾಯಿಬಿಡುತ್ತಾರೆ.

ಆ ಹುಡುಗಿಯ ಮನೆಗೆ ಈ ವಾರವೇ ಹೋಗಿ. ಒಬ್ಬರೇ ಬೇಡ, ಸಂಡೆ ಸ್ಕೂಲಿನ ಹೆಣ್ಣುಮಗಳೊಬ್ಬರನ್ನು ಕರೆದುಕೊಂಡು ಹೋಗಿ. ಅವಳು ನಿಮಗೆ ಹೇಳಿದ್ದನ್ನು ಅಲ್ಲಿ ಎತ್ತಬೇಡಿ. ಅಜ್ಜಿಯ ಹೆಸರು ಕೇಳಿ, ಏನು ಅಡುಗೆ ಮಾಡುತ್ತಿದ್ದರು ಎಂದು ಕೇಳಿ. ಹೊರಡುವಾಗ "ವಚನ ಕಳಿಸಿ ಅವಸರ ಮಾಡಿದೆ ಕಣಮ್ಮ" ಎಂದರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ಮುಂದೆ ಎಂದಾದರೂ ಅವಳೇ ಕೇಳಿದರೆ 88ನೆಯ ಕೀರ್ತನೆ ತೋರಿಸಿ. ಕತ್ತಲೆಯಲ್ಲೇ ಮುಗಿಯುವ ಪ್ರಾರ್ಥನೆ ಅದು, ಸತ್ಯವೇದದಲ್ಲಿ ಅದಕ್ಕೂ ಜಾಗವಿದೆ.

ರಾತ್ರಿ ಹೊತ್ತು ಹುಡುಗಿಗೆ ನೇರವಾಗಿ ಮೆಸೇಜ್ ಮಾಡುವುದನ್ನು ಬಿಟ್ಟುಬಿಡಿ. ನಿಮ್ಮ ಮನಸ್ಸು ಶುದ್ಧವೇ ಇರಲಿ, ನಿಯಮ ನಿಯಮವೇ: ಮಾತಾಡುವಾಗ ಬಾಗಿಲು ತೆರೆದಿರಬೇಕು, ಕಣ್ಣಳತೆಯಲ್ಲಿ ಇನ್ನೊಬ್ಬ ದೊಡ್ಡವರಿರಬೇಕು. "ಯಾರಿಗೂ ಹೇಳಲ್ಲ" ಎಂದು ಮೊದಲೇ ಭಾಷೆ ಕೊಡುವುದೂ ಬೇಡ. "ನಿನಗೆ ಅಪಾಯವಿದ್ದರೆ ಹೇಳಬೇಕಾಗುತ್ತದೆ, ಆದರೆ ಮೊದಲು ನಿನಗೆ ತಿಳಿಸಿಯೇ" ಎನ್ನಿ. ಈ ಸಲ ಅದು ಅಜ್ಜಿಯ ದುಃಖ, ಮನೆಯವರಿಗೆ ಹೇಳಬೇಕಾಗಿಲ್ಲ. ಮುಂದೆ ಯಾರಾದರೂ ಲೈಂಗಿಕ ಕಿರುಕುಳದ ಮಾತೆತ್ತಿದರೆ ಗುಟ್ಟು ಕಟ್ಟಿಡುವ ಹಕ್ಕು ನಿಮಗಿಲ್ಲ. 2012ರ ಪೋಕ್ಸೋ ಕಾಯ್ದೆಯ ಪ್ರಕಾರ, 18 ತುಂಬದವರ ಮೇಲಿನ ಅಂಥ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಭೆಯ ಕಮಿಟಿಯಲ್ಲಿ "ನಮ್ಮ ನಮ್ಮಲ್ಲೇ" ಮುಗಿಸುವ ವಿಷಯವಲ್ಲ ಅದು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡನ್ನೂ ಕೊಠಡಿಯ ಗೋಡೆಗೆ ಅಂಟಿಸಿ.

ಇನ್ನು ಬಾರದೆ ಉಳಿದ ಹದಿನೈದು ಮಂದಿ. ನಿಮ್ಮ ಪತ್ರದಲ್ಲಿ ತಂದದ್ದು, ಹಾಕಿದ್ದು, ಆಡಿಸಿದ್ದು ಎಲ್ಲ ನೀವೇ. ಮಕ್ಕಳು ಮಾಡಿದ ಕೆಲಸ ಒಂದೂ ಇಲ್ಲ. ಕಿಟೆಲ್ 1853ರಲ್ಲಿ ಈ ದೇಶಕ್ಕೆ ಬಂದಾಗ 21ರ ಹುಡುಗ. ಅವರ ನಿಘಂಟು ಎಂದರೆ ನಮಗೆಲ್ಲ ಎದೆಯುಬ್ಬುತ್ತದೆ, ಅದೇ ವಯಸ್ಸಿನ ನಮ್ಮ ಹುಡುಗರಿಗೆ ಮೈಕಿನ ಸ್ವಿಚ್ ಮುಟ್ಟಲು ಬಿಡುವುದಿಲ್ಲ. ಒಂದು ಡಿಸೆಂಬರ್, ಕ್ರಿಸ್ಮಸ್ ಹಾಡು ಹಾಡುತ್ತ ಮನೆಮನೆಗೆ ಹೋಗುವಾಗ ಕಾಣಿಕೆ ಹಾಕಿಸಿಕೊಳ್ಳುವ ಕ್ಯಾರಲ್ಸ್ ಡಬ್ಬಿಯನ್ನೂ ಲೆಕ್ಕದ ಪುಸ್ತಕವನ್ನೂ ಹತ್ತನೆಯ ತರಗತಿಯ ಹುಡುಗಿಗೆ ಕೊಟ್ಟೆ. ನಾಲ್ಕನೇ ರಾತ್ರಿ 140 ರೂಪಾಯಿ ಕಡಿಮೆ ಬಂತು. ಹಿರಿಯರು "ಹೇಳಿದ್ದೆವಲ್ಲ" ಎಂದು ಡಬ್ಬಿಗೆ ಕೈ ಚಾಚಿದರು. ಕೊಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಅವಳೂ ಅವಳ ತಾಯಿಯೂ ನಾನೂ ಕರ್ಚಿಕಾಯಿ ತಟ್ಟೆ ಪಕ್ಕಕ್ಕೆ ಸರಿಸಿ ಚಿಲ್ಲರೆ ಎಣಿಸಿದೆವು. ಟೆಂಪೋದವನ ಚಹಾ-ನಾಷ್ಟಕ್ಕೆ ನಾನೇ ಕೊಡಿಸಿ ಬರೆಸಲು ಮರೆತಿದ್ದೆ! ನನ್ನ ಹೆಸರಿನ ಮುಂದೆ 140 ಎಂದು ಕೆಂಪು ಶಾಯಿಯಲ್ಲಿ ಬರೆದಳು. ಮುಂದಿನ ಮೂರು ವರ್ಷ ಆ ಪುಸ್ತಕ ಅವಳ ಬಳಿಯೇ ಇತ್ತು.

ಮೊಬೈಲ್ ನೋಡುವುದಕ್ಕೆ ಕೋಪ ಬೇಡ. ಸತ್ಯವೇದದಲ್ಲೇ ಇದೆ, ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಬೆಳೆದಾಗ, ಕಿಟಕಿಯಲ್ಲಿ ಕೂತಿದ್ದ ಯುವಕ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಬೈಯಲಿಲ್ಲ, ಇಳಿದು ಹೋಗಿ ಅವನನ್ನು ತಬ್ಬಿಕೊಂಡ. (ಮೇಲೆ ಬಂದು ಮತ್ತೆ ಬೆಳಗಿನವರೆಗೆ ಮಾತಾಡಿದ, ಅದನ್ನು ನೀವು ಅನುಸರಿಸಬೇಡಿ.)

ಗಿಟಾರ್ ಮಾರಬೇಡಿ. ಉಳಿದ ಒಂಬತ್ತು ಜನರಲ್ಲಿ ಯಾರಿಗೆ ಕಲಿಯುವ ಆಸೆಯಿದೆಯೋ ಅವರು ಮನೆಗೆ ಒಯ್ಯಲಿ. ತಂತಿ ಹರಿದರೆ ಹರಿಯಲಿ, ಹೊಸ ತಂತಿ ತರುವಾಗ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ.